ಮೊದಲು ಆಕಳಿಕೆ, ಆಮೇಲೆ ತಲೆನೋವು

ಮಧ್ಯಾಹ್ನ ಮೂರೂವರೆಯ ಮೀಟಿಂಗು. ನಾನು ಆಕಳಿಸುತ್ತಿದ್ದೆ. ಒಂದಲ್ಲ ಎರಡಲ್ಲ, ದವಡೆ ನೋಯುವಷ್ಟು. ಬಾಯಿಗೆ ಕೈ ಅಡ್ಡ ಹಿಡಿದೆ, ನೀರು ಕುಡಿದೆ, ಮೇಜಿನ ಕೆಳಗೆ ಉಗುರಿನಿಂದ ಅಂಗೈ ಒತ್ತಿಕೊಂಡೆ. ನಿಲ್ಲಲಿಲ್ಲ. ಎದುರಿಗೆ ಮಾತಾಡುತ್ತಿದ್ದ ಹಿರಿಯರು ಮಾತು ನಿಲ್ಲಿಸಿ, "ರಾತ್ರಿ ನಿದ್ದೆ ಆಗಿಲ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಹಿಂದಿನ ರಾತ್ರಿ ಎಂಟು ಗಂಟೆ ಸೊಂಪಾಗಿ ನಿದ್ದೆ ಮಾಡಿದ್ದೆ. ಮಾರನೆಯ ಬೆಳಗ್ಗೆ ಐದಕ್ಕೆ ಎಡಗಣ್ಣಿನ ಹಿಂದೆ ನಾಡಿ ಹೊಡೆದುಕೊಳ್ಳುವುದಕ್ಕೇ ಎಚ್ಚರವಾಯಿತು. ಏಳಕ್ಕೆ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದೆ. ನೆಲ ತಣ್ಣಗಿತ್ತು. ಹಣೆಯನ್ನು ಅದಕ್ಕೇ ಒತ್ತಿಕೊಂಡು ಅಲ್ಲೇ ಮಲಗಿದೆ.

ಆ ಆಕಳಿಕೆಗೂ ಈ ವಾಂತಿಗೂ ನಂಟಿದೆ ಅಂತ ನನಗೆ ಗೊತ್ತಾಗಲು ಹನ್ನೆರಡು ವರ್ಷ ಬೇಕಾಯಿತು. ಅದೂ ನನಗೇ ಹೊಳೆದದ್ದಲ್ಲ. ಅಲ್ಲಿಯವರೆಗೆ ನೋಡಿದ ಡಾಕ್ಟರುಗಳೆಲ್ಲ ಕೇಳುತ್ತಿದ್ದದ್ದು ಒಂದೇ ಥರದ ಪ್ರಶ್ನೆಗಳು. ಎಲ್ಲಿ ನೋವು, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ. ಒಬ್ಬರು ಮಾತ್ರ ಪೆನ್ನು ಕೆಳಗಿಟ್ಟು, "ನೋವು ಬರೋ ಹಿಂದಿನ ದಿನ ಹೇಗಿರ್ತೀರಿ?" ಅಂತ ಕೇಳಿದರು. "ಚೆನ್ನಾಗೇ ಇರ್ತೀನಿ" ಎಂದೆ. "ಮನೆಯವರನ್ನು ಕೇಳಿ ನೋಡಿ" ಎಂದರು. ಮನೆಗೆ ಬಂದು ಕೇಳಿದೆ. ಉತ್ತರಕ್ಕೆ ಒಂದು ಕ್ಷಣವೂ ಕಾಯಬೇಕಾಗಲಿಲ್ಲ. "ಹಿಂದಿನ ದಿನ ನಿನ್ನನ್ನ ಮಾತಾಡಿಸೋ ಹಾಗೇ ಇರಲ್ಲ. ಸುಮ್ಸುಮ್ನೆ ಸಿಡುಕ್ತೀಯ. ಟೀವಿ ಸೌಂಡು ಕಮ್ಮಿ ಮಾಡು ಅಂತೀಯ. ಕತ್ತು ನೀವಿಕೊಳ್ತಾ ಇರ್ತೀಯ. ಮತ್ತೆ ಆಕಳಿಸ್ತೀಯ, ಅಬ್ಬಬ್ಬಾ." ಮನೆಯವರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ.

ತಲೆನೋವು ಅನ್ನುವ ಪದದ ಮೇಲೆ ನನಗೊಂದು ಸಣ್ಣ ಸಿಟ್ಟಿದೆ. ನಾವು ಅದನ್ನು ಎಲ್ಲದಕ್ಕೂ ಬಳಸಿ ಸವೆಸಿಬಿಟ್ಟಿದ್ದೇವೆ. ಕೆಟ್ಟ ಬಾಡಿಗೆದಾರ ತಲೆನೋವು, ಹಾಳಾದ ಪ್ರಿಂಟರ್ ತಲೆನೋವು, ಭಾವನ ಮಗ ತಲೆನೋವು. ಹಾಗಾಗಿ "ನಂಗೆ ತಲೆನೋವು, ಬರೋಕಾಗಲ್ಲ" ಎಂದರೆ ಕೇಳುವವರ ಮುಖದಲ್ಲಿ ಅನುಕಂಪ ಮೂಡುವುದಿಲ್ಲ, ಅನುಮಾನ ಮೂಡುತ್ತದೆ. ಹಳೆಯ ಮಾತು ಅರೆತಲೆನೋವು ಎಷ್ಟೋ ವಾಸಿ. ಅದರಲ್ಲಿ ಕಾಯಿಲೆಯ ಗುರುತಾದರೂ ಇದೆ. ಮೈಗ್ರೇನ್ ಅನ್ನುವುದರ ಮೂಲವೂ ಅದೇ. ಗ್ರೀಕಿನ ಹೆಮಿಕ್ರೇನಿಯಾ, ಅಂದರೆ ಅರ್ಧ ತಲೆ, ಬಾಯಿಂದ ಬಾಯಿಗೆ ದಾಟಿ ಫ್ರೆಂಚರ ಬಾಯಲ್ಲಿ ಮೈಗ್ರೇನ್ ಆಯಿತು. ಆದರೆ ಎರಡು ಹೆಸರಲ್ಲೂ ಒಂದು ಮೋಸವಿದೆ. ಎರಡೂ ನೋವನ್ನೇ ಕಾಯಿಲೆ ಅನ್ನುತ್ತವೆ. ನೋವು ಈ ಕಾಯಿಲೆಯ ಮಧ್ಯದ ಒಂದು ಭಾಗ ಅಷ್ಟೇ. ಅದಕ್ಕೂ ಮುಂಚೆ ಒಂದು ದಿನ ಇದೆ. ಆಮೇಲೂ ಒಂದು ದಿನ ಇದೆ, ತಲೆಯನ್ನು ಒಗೆದು ಹಿಂಡಿ ಒಣಗಿಸಿದ ಹಾಗಿರುವ ದಿನ.

ಆರೋಪಿಗಳ ಪಟ್ಟಿ

ಮೈಗ್ರೇನ್ ಇರುವ ಯಾರನ್ನೇ ಕೇಳಿ, ಅವರ ಹತ್ತಿರ ಒಂದು ಪಟ್ಟಿ ಇರುತ್ತದೆ. ಬಿಸಿಲು, ಸೆಂಟಿನ ವಾಸನೆ, ಊಟ ತಪ್ಪಿದ್ದು, ನಿದ್ದೆ ಕೆಟ್ಟಿದ್ದು, ನಿದ್ದೆ ಜಾಸ್ತಿಯಾಗಿದ್ದು, ಚಾಕೊಲೇಟ್, ವೈನ್, ಹವಾಮಾನ, ಜಗಳ. ನನ್ನ ಪಟ್ಟಿ ಒಂದು ಕಾಲಕ್ಕೆ ಎರಡು ಪುಟ ಇತ್ತು. ಪ್ರತಿ ಸಲ ತಲೆ ಸಿಡಿದಾಗಲೂ ಹಿಂದಿನ ಕೆಲವು ಗಂಟೆಗಳನ್ನು ಕಟಕಟೆಗೆ ಕರೆದು ವಿಚಾರಣೆ ಮಾಡುತ್ತಿದ್ದೆ. ಯಾರಾದರೂ ಒಬ್ಬ ಸಿಕ್ಕೇ ಸಿಗುತ್ತಿದ್ದ. ಸಿಗದೆ ಏನು, ದಿನಕ್ಕೆ ನೂರು ಸಂಗತಿ ನಡೆಯುತ್ತದೆ. ಹೀಗೆ ಒಂದೊಂದನ್ನೇ ಬಿಡುತ್ತಾ ಹೋದೆ. ಚಾಕೊಲೇಟ್ ಬಿಟ್ಟೆ, ಸಿನಿಮಾ ಬಿಟ್ಟೆ, ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ. ತಲೆನೋವು ಮಾತ್ರ ನನ್ನನ್ನು ಬಿಡಲಿಲ್ಲ.

ಇಲ್ಲಿ ಚಾಕೊಲೇಟಿನ ಕಥೆ ಸ್ವಲ್ಪ ಹೇಳಬೇಕು. ನನಗೆ ಸಿಹಿ ಅಷ್ಟಕ್ಕಷ್ಟೇ. ಆದರೆ ಕೆಲವು ಸಂಜೆ ಇದ್ದಕ್ಕಿದ್ದ ಹಾಗೆ ಚಾಕೊಲೇಟ್ ಬೇಕೇ ಬೇಕು ಅನ್ನಿಸುತ್ತಿತ್ತು. ತಿನ್ನುತ್ತಿದ್ದೆ. ಬೆಳಗ್ಗೆ ತಲೆನೋವು. ಸಾಕ್ಷಿ ಸ್ಪಷ್ಟವಾಗಿದೆ, ಅಪರಾಧ ಸಾಬೀತಾಗಿದೆ ಅಂತ ತೀರ್ಪು ಕೊಟ್ಟೆ. ನಾನು ಕೇಳದೇ ಉಳಿದ ಪ್ರಶ್ನೆ ಒಂದೇ. ಸಿಹಿ ಇಷ್ಟವಿಲ್ಲದವನಿಗೆ ಆ ಸಂಜೆ ಮಾತ್ರ ಯಾಕೆ ಬೇಕೆನಿಸಿತು? ಈಗ ಗೊತ್ತಾಗಿರುವ ಪ್ರಕಾರ, ಕೆಲವರಿಗೆ ತಿನ್ನುವ ಆ ಹಂಬಲವೇ ಮೈಗ್ರೇನಿನ ಮೊದಲ ಹಂತದ ಲಕ್ಷಣ. ಕಾಯಿಲೆ ಆಗಲೇ ಶುರುವಾಗಿದೆ, ಅದಕ್ಕೇ ಚಾಕೊಲೇಟ್ ಬೇಕೆನಿಸುತ್ತಿದೆ. ಚಾಕೊಲೇಟ್ ತಿಂದದ್ದರಿಂದ ಶುರುವಾಗಿದ್ದಲ್ಲ. ನಾನು ಬಂಧಿಸಿದ್ದು ಕಳ್ಳನನ್ನಲ್ಲ, ಕಳ್ಳ ಬಂದಿದ್ದಾನೆ ಅಂತ ಬೊಗಳಿದ ನಾಯಿಯನ್ನು.

2016ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಇಬ್ಬರು ಸಂಶೋಧಕರು ಒಂದು ಕೆಲಸ ಮಾಡಿದರು. ಮೈಗ್ರೇನ್ ಇರುವ ಒಬ್ಬರೇ ಒಬ್ಬರನ್ನು ಆರಿಸಿಕೊಂಡು 30 ದಿನ, ದಿನಾ, ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಆ ಒಂದು ತಿಂಗಳಲ್ಲಿ ಮೂರು ಸಲ ತಾನಾಗಿಯೇ ಮೈಗ್ರೇನ್ ಬಂತು. ನೋವು ಶುರುವಾಗುವುದಕ್ಕೆ ಮುಂಚಿನ 24 ಗಂಟೆಗಳಲ್ಲಿ ಮೆದುಳಿನ ತಳದಲ್ಲಿರುವ ಹೈಪೊಥಾಲಮಸ್ ಅನ್ನುವ ಸಣ್ಣ ಭಾಗದ ಚಟುವಟಿಕೆ ಬದಲಾಗಿರುವುದು ಕಂಡಿತು. ಹೈಪೊಥಾಲಮಸ್ ನೋಡಿಕೊಳ್ಳುವ ಕೆಲಸಗಳು ಯಾವುವು ಗೊತ್ತಾ? ನಿದ್ದೆ, ಹಸಿವು, ಬಾಯಾರಿಕೆ, ಮೈಬಿಸಿ. ಆಕಳಿಕೆ, ಏನಾದರೂ ತಿನ್ನಬೇಕೆನ್ನುವ ಚಪಲ, ಪದೇ ಪದೇ ಮೂತ್ರಕ್ಕೆ ಹೋಗುವುದು, ಚಳಿ ಚಳಿ ಅನ್ನಿಸುವುದು. ನನ್ನ ಹಿಂದಿನ ದಿನದ ತಕರಾರುಗಳೆಲ್ಲ ಒಂದೇ ಮನೆಯ ವಿಳಾಸದಿಂದ ಬಂದ ಕಾಗದಗಳು. ಒಬ್ಬ ರೋಗಿಯಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ಸರಿ. ಆದರೂ ಒಂದು ತಿಂಗಳು ದಿನಾ ಆ ಗಡಗಡ ಸದ್ದಿನ ಯಂತ್ರದೊಳಗೆ ಮಲಗಿದ ಆ ಜೀವಕ್ಕೆ, ಅದೂ ತಲೆ ಸಿಡಿಯುತ್ತಿದ್ದ ದಿನಗಳಲ್ಲಿ, ನಾನು ಮನಸ್ಸಲ್ಲೇ ಕೈ ಮುಗಿದಿದ್ದೇನೆ.

ಹಾಗಂತ ಪಟ್ಟಿಯಲ್ಲಿರುವುದೆಲ್ಲ ಸುಳ್ಳು ಅಂತಲ್ಲ. ಮುಟ್ಟಿನ ಮುಂಚೆ ಈಸ್ಟ್ರೊಜೆನ್ ಅನ್ನುವ ಹಾರ್ಮೋನು ಇಳಿಯುವಾಗ ಎಷ್ಟೋ ಹೆಂಗಸರಿಗೆ ಮೈಗ್ರೇನ್ ಬರುವುದು ನಿಜ. ಊಟ ತಪ್ಪಿದರೆ, ನಿದ್ದೆ ಏರುಪೇರಾದರೆ ಬರುವುದು ನಿಜ. ಒತ್ತಡ ಇಳಿದ ಮೇಲೆ, ಅಂದರೆ ಕೆಲಸವೆಲ್ಲ ಮುಗಿದು ರಜೆ ಶುರುವಾದ ಮೊದಲ ದಿನವೇ ಬರುವುದೂ ನಿಜ. (ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.) ಆದರೆ ಅದೇ ಬಿಸಿಲು ಒಂದು ದಿನ ಏನೂ ಮಾಡುವುದಿಲ್ಲ, ಇನ್ನೊಂದು ದಿನ ಕೆಡವಿ ಹಾಕುತ್ತದೆ. ಮೈಗ್ರೇನ್ ಇರುವವರ ಮೆದುಳಿಗೆ ಬದಲಾವಣೆ ಅಂದರೇ ಆಗಿಬರುವುದಿಲ್ಲ. ಹಾಗಾಗಿ ನೂರೆಂಟು ವಸ್ತುಗಳಿಂದ ಓಡುವುದಕ್ಕಿಂತ ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು ಮೂರನ್ನೂ ಒಂದೇ ಸಮನೆ ಇಟ್ಟುಕೊಳ್ಳುವುದು ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ. ಭಾನುವಾರವೂ ಅದೇ ಹೊತ್ತಿಗೆ ಏಳುತ್ತೇನೆ. ಬೇಜಾರಿನ ಬದುಕು, ಒಪ್ಪುತ್ತೇನೆ.

ಕೀಲಿಗೆ ಎಣ್ಣೆ

ಈ ಹಿಂದುಮುಂದಿನ ವಿಷಯ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾಗಿದ್ದು ಚಾಕೊಲೇಟ್ ಅಲ್ಲ, ಅಮ್ಮ.

ಅಮ್ಮನಿಗೂ ಇತ್ತು. ಈ ಕಾಯಿಲೆ ಮನೆತನದಲ್ಲಿ ಹರಿದು ಬರುತ್ತದೆ. 1980ರ ದಶಕದ ಮಾತು, ನನಗಾಗ ಹತ್ತು ವರ್ಷ, ತಮ್ಮನಿಗೆ ಏಳು. ತಿಂಗಳಿಗೆ ಮೂರೋ ನಾಲ್ಕೋ ಸಲ ಅಮ್ಮ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಲೆಗೆ ಒಂದು ಬಟ್ಟೆ ಬಿಗಿಯಾಗಿ ಸುತ್ತಿರುತ್ತಿದ್ದಳು. ಬಾಗಿಲ ಸಂದಿಯಿಂದ ಬೆಳಕು ಬರಬಾರದು ಅಂತ ಕೆಳಗೆ ಟವೆಲ್ಲು ತುರುಕಿರುತ್ತಿದ್ದಳು. ನೀರು ಕೊಡಲು ನಾನು ಒಳಗೆ ಹೋದರೆ ಗೋಡೆ ಕಡೆ ಮುಖ ಮಾಡಿಕೊಂಡೇ ಒಂದು ಪದ ಹೇಳುತ್ತಿದ್ದಳು. "ಬೆಳಕು." ನಾನು ಲೋಟ ನೆಲದ ಮೇಲಿಟ್ಟು, ಸದ್ದಾಗದ ಹಾಗೆ, ಉಸಿರು ಹಿಡಿದುಕೊಂಡು ಬಾಗಿಲು ಎಳೆಯುತ್ತಿದ್ದೆ. ಆ ಬಾಗಿಲಿನ ಕೀಲು ಕಿರ್ ಎನ್ನುತ್ತಿತ್ತು. ಅಮ್ಮನ ಬೆನ್ನು ಆ ಸದ್ದಿಗೆ ಒಂದು ಸಲ ಮುದುಡುವುದು ಕತ್ತಲಲ್ಲೂ ಕಾಣುತ್ತಿತ್ತು.

ಕೋಣೆ ಸೇರುವ ಮುಂಚೆ ಯಾವಾಗಲೂ ಒಂದು ರೇಗಾಟ ನಡೆದಿರುತ್ತಿತ್ತು. ಹಿಂದಿನ ಸಂಜೆಯೋ ಅವತ್ತು ಬೆಳಗ್ಗೆಯೋ. ನಾನು, ತಮ್ಮ ಏನೋ ಆಟ ಆಡುತ್ತಾ ಕಿರುಚುತ್ತಿದ್ದೆವು. ಬೇರೆ ದಿನ ಅದೇ ಕಿರುಚಾಟಕ್ಕೆ ನಗುತ್ತಿದ್ದವಳು ಅವತ್ತು ಎರಡೂ ಕಿವಿ ಮುಚ್ಚಿಕೊಂಡು, "ನಿಮ್ಮ ಗಲಾಟೆಗೇ ನನ್ನ ತಲೆ ಸಿಡಿಯೋದು" ಎನ್ನುತ್ತಿದ್ದಳು. ಕೆಲವು ಗಂಟೆಗಳ ಮೇಲೆ ನಿಜವಾಗಿಯೂ ಸಿಡಿಯುತ್ತಿತ್ತು. ಮಕ್ಕಳಿಗೆ ಇನ್ನೇನು ಸಾಕ್ಷಿ ಬೇಕು? ನಾವು ಮಾಡಿದ್ದು, ಅವಳು ಅನುಭವಿಸಿದ್ದು. ತಮ್ಮ ಒಂದು ದಿನ ಎಣ್ಣೆ ಬಾಟಲಿ ತಂದು ಆ ಬಾಗಿಲಿನ ಕೀಲಿಗೆ ಸುರಿದ. ಅರ್ಧ ಬಾಟಲಿ. ಎಣ್ಣೆ ಬಾಗಿಲ ಉದ್ದಕ್ಕೂ ಇಳಿದು ನೆಲದ ಮೇಲೆ ಮಡುಗಟ್ಟಿತು. ಅವನಿಗೆ ಯಾರೂ ಬೈಯಲಿಲ್ಲ.

ನಾನು ಬೇರೆ ದಾರಿ ಹಿಡಿದೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಹಾಕಿ ಲೆಕ್ಕ ಇಡಲು ಶುರು ಮಾಡಿದೆ. ಗಲಾಟೆ ಮಾಡಿದ ದಿನಕ್ಕೆ ಒಂದು ಕಡ್ಡಿ, ಅಮ್ಮನಿಗೆ ತಲೆನೋವು ಬಂದ ದಿನಕ್ಕೆ ಒಂದು ಸೊನ್ನೆ. ಕಡ್ಡಿ ಇದ್ದು ಸೊನ್ನೆ ಇಲ್ಲದ ದಿನಗಳು ಬೇಕಾದಷ್ಟಿದ್ದವು. ಕಡ್ಡಿ ಇಲ್ಲದೆ ಸೊನ್ನೆ ಬಿದ್ದ ದಿನಗಳೂ ಇದ್ದವು. ಆಗ ನಾನು ಮಾಡಿದ್ದೇನು? ಲೆಕ್ಕ ತಾಳೆಯಾಗುತ್ತಿಲ್ಲ, ಹಾಗಾದರೆ ಗಲಾಟೆ ಕಾರಣವಲ್ಲ ಅಂತ ಅಂದುಕೊಳ್ಳಲಿಲ್ಲ. ಇನ್ನೂ ಸಣ್ಣ ಸಣ್ಣ ತಪ್ಪುಗಳನ್ನು ಹುಡುಕಿದೆ. ಬಾಗಿಲು ಜೋರಾಗಿ ಹಾಕಿದ್ದಕ್ಕೆ ಒಂದು ಕಡ್ಡಿ. ಮುಚ್ಚಳ ಬೀಳಿಸಿದ್ದಕ್ಕೆ ಒಂದು ಕಡ್ಡಿ. ಎದುರು ಮಾತಾಡಿದ್ದಕ್ಕೆ ಒಂದು. ಸಾಕಷ್ಟು ಹುಡುಕಿದರೆ ಪ್ರತಿ ಸೊನ್ನೆಯ ಹಿಂದೆಯೂ ಒಂದು ಕಡ್ಡಿ ಸಿಗುತ್ತದೆ. ಇಪ್ಪತ್ತು ವರ್ಷಗಳಾದ ಮೇಲೆ ನನ್ನದೇ ತಲೆಗೆ ಎರಡು ಪುಟದ ಪಟ್ಟಿ ಮಾಡಿದವನು ಅದೇ ಹುಡುಗ.

ರೇಗುವುದು, ಸದ್ದು ಸಹಿಸಲಾಗದಿರುವುದು, ಎರಡೂ ಮೈಗ್ರೇನಿನ ಮೊದಲ ಹಂತದಲ್ಲಿ ಬರುವ ಲಕ್ಷಣಗಳು. ಅವಳ ತಲೆಯೊಳಗೆ ಅದು ಆಗಲೇ ಶುರುವಾಗಿತ್ತು. ಅದಕ್ಕೇ ನಮ್ಮ ಗಲಾಟೆ ಅವತ್ತು ಮಾತ್ರ ಗಲಾಟೆಯಾಗಿ ಕೇಳಿಸಿತ್ತು.

ಕಾಣದ ಹ್ನ

ನೋವಿಗೆ ಮುಂಚೆ ಇನ್ನೊಂದು ಬಾಗಿಲಿದೆ. ಔರಾ ಅನ್ನುತ್ತಾರೆ. ಎಲ್ಲರಿಗೂ ಬರುವುದಿಲ್ಲ, ಮೈಗ್ರೇನ್ ಇರುವ ಮೂರು ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಬರುತ್ತದೆ. ಬಂದವರಿಗೂ ಪ್ರತಿ ಸಲ ಬರಬೇಕೆಂದಿಲ್ಲ. ನನಗೆ ಇದುವರೆಗೆ ಏಳೆಂಟು ಸಲ ಬಂದಿದೆ. ಮೊದಲನೆಯದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಕಣ್ಣಿಗೆ ಕಟ್ಟಿದ್ದು ಅನ್ನುವ ಮಾತು ಇಲ್ಲಿ ಸ್ವಲ್ಪ ವಿಚಿತ್ರವಾದರೂ.

ಏನೋ ಓದುತ್ತಿದ್ದೆ. "ಮಧ್ಯಾಹ್ನ" ಅನ್ನುವ ಪದದ ಮೇಲೆ ಕಣ್ಣು ಹೋಯಿತು. "ಮಧ್ಯಾ" ಕಂಡಿತು, "ಹ್ನ" ಕಾಣಲಿಲ್ಲ. ಅಚ್ಚಿನ ತಪ್ಪು ಅಂದುಕೊಂಡೆ. ಕಣ್ಣನ್ನು ಸ್ವಲ್ಪ ಬಲಕ್ಕೆ ಸರಿಸಿದರೆ "ಹ್ನ" ಬಂತು, ಅದರ ಮುಂದಿನ ಪದ ಹೋಯಿತು. ಅಲ್ಲಿ ಕಪ್ಪು ಚುಕ್ಕೆ ಇರಲಿಲ್ಲ, ಮಂಜೂ ಇರಲಿಲ್ಲ. ಅಲ್ಲಿ ಏನೂ ಇಲ್ಲದಿರುವುದೂ ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಏನು ಕಾಣುತ್ತದೆ ಅಂತ ಕೇಳಿದರೆ ಕಪ್ಪು ಅಂತ ಹೇಳುತ್ತೀರಾ? ಹಾಗೆ. ಐದು ನಿಮಿಷದಲ್ಲಿ ಆ ಇಲ್ಲದ ಜಾಗದ ಅಂಚಿಗೆ ಮಿನುಗುವ ಹಲ್ಲು ಹಲ್ಲಿನ ಗೆರೆ ಮೂಡಿತು. ಗರಗಸದ ಬಾಯಿಯ ಹಾಗೆ, ಬಾಗಿದ ಆಕಾರ. ಅದು ಕುಣಿಯುತ್ತಾ ನಿಧಾನಕ್ಕೆ ದೊಡ್ಡದಾಗುತ್ತಾ ಬಲಕ್ಕೆ ಸರಿಯಿತು. ಎಡಗಣ್ಣು ಮುಚ್ಚಿದೆ, ಇತ್ತು. ಬಲಗಣ್ಣು ಮುಚ್ಚಿದೆ, ಆಗಲೂ ಇತ್ತು. ಎರಡೂ ಮುಚ್ಚಿದರೂ ಇತ್ತು. ಅಂದರೆ ತೊಂದರೆ ಕಣ್ಣಿನದಲ್ಲ ಅಂತ ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ, ಬೆವರಿ ಹೋದೆ. ಅರ್ಧ ಗಂಟೆಗೆ ಗೆರೆ ನೋಟದ ಅಂಚು ದಾಟಿ ಮಾಯವಾಯಿತು. "ಹ್ನ" ವಾಪಸು ಬಂತು. ಆಮೇಲೆ ತಲೆನೋವು.

1870ರಲ್ಲಿ ಹ್ಯೂಬರ್ಟ್ ಏರಿ ಅನ್ನುವ ಇಂಗ್ಲಿಷ್ ವೈದ್ಯ ತನಗೆ ಬರುತ್ತಿದ್ದ ಇದೇ ಗೆರೆಯನ್ನು ಬಣ್ಣದಲ್ಲಿ ಬರೆದು ಅಚ್ಚು ಹಾಕಿಸಿದ. ಕೋಟೆಯ ಗೋಡೆ, ಬುರುಜುಗಳ ನಕ್ಷೆಯ ಹಾಗೆ ಕಾಣುತ್ತದೆ ಅಂತ ಬರೆದ. ಅವನ ಅಪ್ಪ, ಖಗೋಳಶಾಸ್ತ್ರಜ್ಞ ಜಾರ್ಜ್ ಏರಿಗೂ ಬರುತ್ತಿತ್ತು. ಆ ಚಿತ್ರ ಮೊದಲ ಸಲ ನೋಡಿದಾಗ ನನ್ನ ತಲೆಯೊಳಗಿನದನ್ನು ನೂರೈವತ್ತು ವರ್ಷದ ಹಿಂದೆಯೇ ಯಾರೋ ಕದ್ದು ನೋಡಿ ಬರೆದ ಹಾಗನ್ನಿಸಿತು. ಅದಕ್ಕಿಂತ ಚೆಂದದ್ದು ಕಾರ್ಲ್ ಲ್ಯಾಶ್ಲಿಯ ಕಥೆ. ಅಮೆರಿಕದ ಈ ಮನಶ್ಶಾಸ್ತ್ರಜ್ಞ ತನಗೆ ಔರಾ ಬಂದಾಗಲೆಲ್ಲ ಆ ಕುರುಡು ಜಾಗ ಯಾವ ನಿಮಿಷಕ್ಕೆ ಎಲ್ಲಿದೆ ಅಂತ ಕಾಗದದ ಮೇಲೆ ಗುರುತು ಹಾಕಿಕೊಂಡ. ಅದರಿಂದ, ಮೆದುಳಿನ ಹಿಂಭಾಗದಲ್ಲಿ ನೋಟಕ್ಕೆ ಸಂಬಂಧಪಟ್ಟ ಹೊದಿಕೆಯ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿದು ಹೋಗುತ್ತಿರಬೇಕು ಅಂತ 1941ರಲ್ಲಿ ಲೆಕ್ಕ ಹಾಕಿದ. ಮೂರು ವರ್ಷದ ಮೇಲೆ, 1944ರಲ್ಲಿ, ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಹಾರ್ವರ್ಡ್‌ನಲ್ಲಿ ಮೂರ್ಛೆರೋಗದ ಬಗ್ಗೆ ಕೆಲಸ ಮಾಡುತ್ತಾ, ಮೊಲದ ಮೆದುಳಿನ ಮೇಲೆ ನರಗಳನ್ನು ಮಂಕಾಗಿಸುತ್ತಾ ಹರಡುವ ಒಂದು ಅಲೆಯನ್ನು ಕಂಡ. ವೇಗ ಹೆಚ್ಚುಕಡಿಮೆ ಅದೇ. ಎರಡೂ ಒಂದೇ ಇರಬಹುದು ಅಂತ ಇನ್ನೊಬ್ಬರು ಜೋಡಿಸಿ ಬರೆಯುವಷ್ಟರಲ್ಲಿ 1958 ಆಗಿತ್ತು.

ಈಗ ಔರಾ ಬಂದರೆ ನಾನೂ ಗಡಿಯಾರ ನೋಡುತ್ತೇನೆ. ಲ್ಯಾಶ್ಲಿಯಷ್ಟು ತಾಳ್ಮೆ ಇಲ್ಲ. ಆದರೆ ಭಯವಂತೂ ಹೋಗಿದೆ. ಒಂದು ಮಾತು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಔರಾ ಇರುವ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮುಂಚೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ನೋಡೋಣ

ನನ್ನ ತಲೆನೋವನ್ನು ಜಾಸ್ತಿ ಮಾಡಿದ್ದು ಬಿಸಿಲಲ್ಲ, ಚಾಕೊಲೇಟ್ ಅಲ್ಲ, ಒಂದು ಪದ. "ನೋಡೋಣ."

ಹುಬ್ಬಿನ ಹತ್ತಿರ ಸಣ್ಣಗೆ ಹಿಡಿದ ಹಾಗಾಗುತ್ತದೆ. ಕೈ ಬ್ಯಾಗಿಗೆ ಹೋಗುತ್ತದೆ. ಮಾತ್ರೆಯ ಸ್ಟ್ರಿಪ್ ಬೆರಳಿಗೆ ಸಿಗುತ್ತದೆ. ಇಷ್ಟು ಸಣ್ಣ ನೋವಿಗೆ ಮಾತ್ರೆಯಾ, ಹೋಗಬಹುದು, ಸ್ವಲ್ಪ ನೋಡೋಣ. ಸ್ಟ್ರಿಪ್ ವಾಪಸ್ ಒಳಗೆ. ಒಂದು ಗಂಟೆಯ ಮೇಲೆ ನೋವು ಕಣ್ಣಿಗೆ ಇಳಿದಿರುತ್ತದೆ. ಇನ್ನೊಂದು ಅರ್ಧ ಗಂಟೆ ನೋಡೋಣ. ಕೊನೆಗೆ ವಾಂತಿ ಬರುವ ಹೊತ್ತಿಗೆ ಮಾತ್ರೆ ನುಂಗುವುದು, ಅದು ಏನೂ ಮಾಡದಿರುವುದು, ನನಗೆ ಮಾತ್ರೆ ಹಿಡಿಸಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಬರುವುದು. ವರ್ಷಗಟ್ಟಲೆ ಇದೇ ಆಟ.

ಇದರಲ್ಲಿ ನಡೆಯುವುದು ಸರಳ. ಮೈಗ್ರೇನ್ ಶುರುವಾದ ಮೇಲೆ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಹೊಟ್ಟೆಯಲ್ಲೇ ಕೂತಿರುತ್ತದೆ. ಅದಕ್ಕೇ ಎಷ್ಟೋ ಸಲ ಡಾಕ್ಟರು ವಾಂತಿ ತಡೆಯುವ, ಹೊಟ್ಟೆಯನ್ನು ಮುಂದೆ ತಳ್ಳುವ ಇನ್ನೊಂದು ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ಎರಡನೆಯದು, ಮೆದುಳಿಗೆ ನೋವೇ ಗೊತ್ತಾಗುವುದಿಲ್ಲ. ನೋಯುವುದು ಅದರ ಸುತ್ತಲಿನ ಪೊರೆ ಮತ್ತು ಅಲ್ಲಿನ ರಕ್ತನಾಳಗಳು. ಆ ಸುದ್ದಿ ಹೊರುವುದು ಮುಖದ ಟ್ರೈಜೆಮಿನಲ್ ನರ. ಮೊದಮೊದಲು ಆ ನರ ಮಾತ್ರ ಕೂಗುತ್ತದೆ. ಹೊತ್ತು ಕಳೆದ ಹಾಗೆ ಮೆದುಳಿನ ಒಳಗಿನ ನರಕೋಶಗಳೂ ಅದರ ಜೊತೆ ಸೇರುತ್ತವೆ. ಆಗ ಬಾಚಣಿಗೆ ತಾಗಿದರೂ ನೋವು, ಕನ್ನಡಕದ ಕಾಲು ಕಿವಿಯ ಮೇಲೆ ಕೂತರೂ ನೋವು, ದಿಂಬೂ ನೋವು. ಆ ಹಂತ ಮುಟ್ಟಿದ ಮೇಲೆ, ಮೈಗ್ರೇನ್ ಬಂದಾಗ ನುಂಗುವ ಟ್ರಿಪ್ಟಾನ್ ಗುಂಪಿನ ಮಾತ್ರೆಗಳ ಆಟ ಅಷ್ಟಾಗಿ ನಡೆಯುವುದಿಲ್ಲ. ಅದಕ್ಕೆ ಮುಂಚೆ ನುಂಗಿದರೆ ಎರಡು ಗಂಟೆಯಲ್ಲಿ ಎದ್ದು ಓಡಾಡಬಹುದು. ಈ ಗುಂಪಿನ ಮೊದಲನೆಯದು, ಸುಮಾಟ್ರಿಪ್ಟಾನ್, ಬಂದದ್ದು 1991ರಲ್ಲಿ. ಹೃದಯದ ತೊಂದರೆ ಇರುವವರಿಗೆ ಆಗುವುದಿಲ್ಲ, ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆಯಲ್ಲ.

ಬೇಗ ತಗೊಳ್ಳಿ ಅನ್ನುವ ಮಾತಿಗೆ ಇನ್ನೊಂದು ಮುಖವಿದೆ. ನಾನು ಅದರಲ್ಲೂ ಬಿದ್ದೆ. ಪಾಠ ಕಲಿತ ಹುಮ್ಮಸ್ಸಿನಲ್ಲಿ ಒಂದು ವರ್ಷ ಹುಬ್ಬು ಅದುರಿದರೂ ಮಾತ್ರೆ ನುಂಗಿದೆ. ತಿಂಗಳಿಗೆ ನಾಲ್ಕಿದ್ದ ತಲೆನೋವು ಹದಿನೆಂಟಾಯಿತು. ಜಾಸ್ತಿಯಾಗಿದ್ದಕ್ಕೆ ಇನ್ನೂ ಜಾಸ್ತಿ ಮಾತ್ರೆ. ಮಾತ್ರೆಯೇ ತಲೆನೋವು ತರಬಲ್ಲದು ಅಂತ ನಂಬುವುದು ಕಷ್ಟ, ಆದರೆ ತರುತ್ತದೆ. ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧ ಬೆರೆತ ಮಾತ್ರೆಗಳನ್ನು ತಿಂಗಳಿಗೆ 10 ದಿನ, ಸಾದಾ ನೋವಿನ ಮಾತ್ರೆಗಳನ್ನು 15 ದಿನ, ಹೀಗೆ ಮೂರು ತಿಂಗಳು ದಾಟಿಸಿದರೆ ಆ ಗುಂಡಿಗೆ ಬೀಳುವ ಸಾಧ್ಯತೆ ಇದೆ. ಹೊರಗೆ ಬರಬೇಕಾದರೆ ಮಾತ್ರೆ ಬಿಡಬೇಕು. ಬಿಟ್ಟ ಮೊದಲ ಹತ್ತು ದಿನದ ಬಗ್ಗೆ ಬರೆಯುವ ಆಸೆ ನನಗಿಲ್ಲ. ಈಗ ಡೈರಿಯಲ್ಲಿ ನಾನು ಬರೆಯುವುದು ಎರಡೇ. ನೋವು ಬಂದ ದಿನ, ಮಾತ್ರೆ ತಗೊಂಡ ದಿನ. ಯಾಕೆ ಬಂತು ಅನ್ನುವ ಕಾಲಂ ಹೊಡೆದು ಹಾಕಿದ್ದೇನೆ.

ದಿನ ಜಾಸ್ತಿಯಾದರೆ ಬರದ ಹಾಗೆ ತಡೆಯುವ ಔಷಧಗಳಿವೆ. ಅವು ಬೇರೆ ಜಾತಿ. ನೋವಿದ್ದರೂ ಇಲ್ಲದಿದ್ದರೂ ದಿನಾ ತಗೊಳ್ಳಬೇಕು, ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಅದರಲ್ಲಿ ಹಳೆಯದು ಪ್ರೊಪ್ರನೊಲಾಲ್. ಹೃದಯದ ಮಾತ್ರೆ. 1966ರಲ್ಲಿ ಎದೆನೋವಿಗೆ ಅದನ್ನು ಕೊಟ್ಟಿದ್ದಾಗ ಮೈಗ್ರೇನ್ ಕಡಿಮೆಯಾದದ್ದು ವೈದ್ಯರ ಕಣ್ಣಿಗೆ ಬಿತ್ತು. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಅಂತ ಬಂದದ್ದು, ಟೋಪಿರಮೇಟ್ ಮೂರ್ಛೆರೋಗಕ್ಕೆ ಅಂತ ಬಂದದ್ದು. ಎಲ್ಲ ಬೇರೆಯವರ ಮನೆಯಿಂದ ಕಡ ತಂದ ಪಾತ್ರೆಗಳು. ಮೈಗ್ರೇನಿಗೆ ಅಂತಲೇ ತಡೆಯುವ ಔಷಧ ಮಾಡಲು ಸಾಧ್ಯವಾದದ್ದು ನರಗಳು ಬಿಡುವ ಸಿಜಿಆರ್‌ಪಿ ಅನ್ನುವ ಪದಾರ್ಥದ ಬೆನ್ನು ಹತ್ತಿದ ಮೇಲೆ. ತಲೆನೋವು ಇರುವಾಗ ಕತ್ತಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಅದು ಏರಿರುತ್ತದೆ ಅಂತ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್‌ಸನ್ ತೋರಿಸಿದ್ದು 1990ರಲ್ಲಿ. ಅದನ್ನು ತಡೆಯುವ ಮೊದಲ ಇಂಜೆಕ್ಷನ್, ಎರೆನುಮ್ಯಾಬ್, ಬಳಕೆಗೆ ಬಂದದ್ದು 2018ರಲ್ಲಿ. ಜಗತ್ತಿನಲ್ಲಿ ನೂರು ಕೋಟಿಗೂ ಜಾಸ್ತಿ ಜನಕ್ಕಿರುವ ಕಾಯಿಲೆ ಇದು, ಅದರಲ್ಲೂ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಇಷ್ಟು ತಡವಾಗಿದ್ದಕ್ಕೂ ಆ ಎರಡು ಮೂರು ಪಟ್ಟಿಗೂ ಸಂಬಂಧವಿದೆ ಅಂತ ನನ್ನ ಗುಮಾನಿ.

ನನಗೆ ಗುಣ ಕೊಟ್ಟದ್ದು ಪ್ರೊಪ್ರನೊಲಾಲ್. ಎಲ್ಲರಿಗೂ ಆಗುವುದಿಲ್ಲ, ಅಸ್ತಮಾ ಇರುವವರಿಗಂತೂ ಬೇಡವೇ ಬೇಡ. ಮತ್ತೆ, ಇದುವರೆಗಿಲ್ಲದ ತಲೆನೋವು ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದರೆ, ಜ್ವರದ ಜೊತೆ ಕತ್ತು ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದರೆ ಈ ಥರದ ಬರಹ ಓದುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಫೋನು

ಕಳೆದ ತಿಂಗಳು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳಿಗೀಗ ಎಪ್ಪತ್ತು ದಾಟಿದೆ. ಮುಟ್ಟು ನಿಂತ ಮೇಲೆ ಎಷ್ಟೋ ಜನಕ್ಕೆ ಆಗುವ ಹಾಗೆ ಅವಳಿಗೂ ತಲೆನೋವು ತಾನಾಗಿ ಬಿಟ್ಟುಹೋಗಿದೆ. ಎಷ್ಟರಮಟ್ಟಿಗೆ ಅಂದರೆ ಅವಳಿಗೆ ಆ ಕೋಣೆಯ ದಿನಗಳು ಸರಿಯಾಗಿ ನೆನಪೂ ಇಲ್ಲ. ಟವೆಲ್ಲು ನೆನಪಿದೆ. ಎಣ್ಣೆ ನೆನಪಿಲ್ಲ.

ನೋಟ್‌ಬುಕ್ಕಿನ ಕಡ್ಡಿ, ಸೊನ್ನೆಯ ವಿಷಯ ಮೊದಲ ಸಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಮ್ಮ ಗಲಾಟೆಯಿಂದ ಬರ್ತಿರಲಿಲ್ಲಮ್ಮ ಅದು. ಮೊದಲೇ ಬಂದಿರ್ತಿತ್ತು, ಅದಕ್ಕೇ ನಿನಗೆ ಗಲಾಟೆ ಅನ್ನಿಸ್ತಿತ್ತು" ಎಂದೆ. "ಗಲಾಟೆ ಅಂತೂ ಮಾಡ್ತಿದ್ರಿ ಬಿಡು" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಕೇಳಿದಳು, "ನೀನು ತಗೊಳ್ತೀಯಲ್ಲ, ತಲೆನೋವು ಬಂದ ಕೂಡಲೇ ನುಂಗೋ ಮಾತ್ರೆ, ಅದು ಆಗ ಇತ್ತಾ?"

"ಇಲ್ಲಮ್ಮ. ಅದು ಬಂದಿದ್ದು 1991ರಲ್ಲಿ."

"ಹಾಗಾದ್ರೆ ಸರಿ" ಎಂದಳು. "ಡಾಕ್ಟರ ಹತ್ರ ಹೋಗಿದ್ರೂ ಏನೂ ಆಗ್ತಿರಲಿಲ್ಲ ಅಂತಾಯ್ತು." ದನಿಯಲ್ಲಿ ಒಂದು ಸಮಾಧಾನ ಇತ್ತು.

ದಿನಾ ರಾತ್ರಿ ನಾನು ನುಂಗುವ ಇನ್ನೊಂದು ಮಾತ್ರೆಯ ವಿಷಯ ನಾನು ಎತ್ತಲಿಲ್ಲ. ಅದು ಆಗಲೇ ಇತ್ತು.